ಹೆಸರು ಕೆಡಬೇಕಾದದ್ದು ಯಾರದು?

2019ರ ಮಾರ್ಚ್ ತಿಂಗಳಲ್ಲಿ ತಮಿಳುನಾಡು ಸರ್ಕಾರದ ಗೃಹ ಇಲಾಖೆಯಿಂದ ಒಂದು ಆದೇಶ ಹೊರಬಿತ್ತು. ಪೊಳ್ಳಾಚಿಯ ಲೈಂಗಿಕ ದೌರ್ಜನ್ಯ ಪ್ರಕರಣದ ತನಿಖೆಯನ್ನು ಸಿಬಿಐಗೆ ಒಪ್ಪಿಸುವ ಆದೇಶ ಅದು. ಕಾಲೇಜು ಹುಡುಗ ಹುಡುಗಿಯರು ಬೀದಿಗಿಳಿದು ಕೇಳಿದ್ದು ನ್ಯಾಯವಾದ ತನಿಖೆಯನ್ನೇ. ಆದರೆ ಆ ಹಾಳೆಯಲ್ಲಿ ಇರಬಾರದ್ದೂ ಇತ್ತು. ಧೈರ್ಯ ಮಾಡಿ ಮೊದಲು ದೂರು ಕೊಟ್ಟ ವಿದ್ಯಾರ್ಥಿನಿಯ ಹೆಸರು, ಅವಳು ಓದುತ್ತಿದ್ದ ಕಾಲೇಜು, ಅವಳ ಅಣ್ಣನ ಹೆಸರು. ಅದಕ್ಕೂ ಮುಂಚೆಯೇ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಪತ್ರಕರ್ತರ ಮುಂದೆ ಅವಳ ಹೆಸರು ಹೇಳಿಬಿಟ್ಟಿದ್ದರು.

ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಇದನ್ನು ಸಣ್ಣ ಕಣ್ತಪ್ಪು ಎಂದು ಬಿಡಲಿಲ್ಲ. ಮಾರ್ಚ್ 15ರಂದು ಅದು ಹುಡುಗಿಯ ಗುರುತಿಲ್ಲದ ಹೊಸ ಆದೇಶ ಹೊರಡಿಸುವಂತೆ ಸರ್ಕಾರಕ್ಕೆ ಹೇಳಿತು, ಅಧಿಕಾರಿಯ ಮೇಲೆ ಕ್ರಮ ಕೈಗೊಳ್ಳಲು ಸೂಚಿಸಿತು, ಹುಡುಗಿಗೆ 25 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪರಿಹಾರದ ಮೊತ್ತಕ್ಕಿಂತ ಅದರ ಕಾರಣ ಮುಖ್ಯ. ಕಾರಿನೊಳಗೆ ದುಷ್ಕರ್ಮಿಗಳು ಮಾಡಿದ ಹಾನಿ ಒಂದು, ಕಾಪಾಡಬೇಕಾದವರೇ ಹೆಸರು ಬಯಲು ಮಾಡಿ ಮಾಡಿದ ಹಾನಿ ಇನ್ನೊಂದು ಎಂಬುದನ್ನು ನ್ಯಾಯಾಲಯ ಗುರುತಿಸಿತ್ತು.

ಕಾನೂನು ಆಗಲೇ ಸ್ಪಷ್ಟವಾಗಿತ್ತು. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು ಎಂಬ 228ಎ ಕಲಂ ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. ಪೊಳ್ಳಾಚಿಯ ದೂರಿಗೆ ಸುಮಾರು ಎರಡೂವರೆ ತಿಂಗಳು ಮೊದಲು, 2018ರ ಡಿಸೆಂಬರ್ 11ರಂದು, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಹೆಸರು ಮಾತ್ರವಲ್ಲ, ದೂರದಿಂದಲೂ ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಪತ್ರಿಕೆ, ಟಿವಿ, ಸಾಮಾಜಿಕ ಜಾಲತಾಣಗಳು ಹೊರಹಾಕುವಂತಿಲ್ಲ ಎಂದಿತ್ತು. ಇಷ್ಟೆಲ್ಲ ಇದ್ದೂ ಸರ್ಕಾರದ ಮೊಹರು ಬಿದ್ದ ಹಾಳೆಯಲ್ಲೇ ಹೆಸರು ಬಂತು.

ಪೊಳ್ಳಾಚಿಯಲ್ಲಿ ಹೆಸರು ಹೊರಬೀಳುವುದರ ಬೆಲೆ ಏನೆಂದು ತಿಳಿಯಬೇಕಾದರೆ ಅಲ್ಲಿ ದೌರ್ಜನ್ಯ ಎಸಗಿದ ಗುಂಪು ಕೆಲಸ ಮಾಡುತ್ತಿದ್ದ ರೀತಿ ನೋಡಬೇಕು. ಪರಿಚಯ ಬೆಳೆಸುವುದು, ಮಾತಾಡಬೇಕು ಬಾ ಎಂದು ಕರೆಯುವುದು, ಕಾರಿನಲ್ಲಿ ಕೂರಿಸಿಕೊಳ್ಳುವುದು, ದಾರಿಯಲ್ಲಿ ಉಳಿದವರು ಹತ್ತುವುದು, ದೌರ್ಜನ್ಯ ಎಸಗುತ್ತ ಮೊಬೈಲಿನಲ್ಲಿ ಚಿತ್ರೀಕರಿಸುವುದು. ನಿಜವಾದ ಹಿಡಿತ ಶುರುವಾಗುತ್ತಿದ್ದುದು ಆಮೇಲೆ. ವಿಡಿಯೊ ಮನೆಯವರಿಗೆ ಕಳಿಸುತ್ತೇವೆ, ಎಲ್ಲರೂ ನೋಡುವ ಹಾಗೆ ಹಾಕುತ್ತೇವೆ ಎಂಬ ಒಂದು ಮಾತು ಸಾಕಿತ್ತು. ಹಣ ಬರುತ್ತಿತ್ತು, ಕರೆದಾಗ ಹುಡುಗಿ ಮತ್ತೆ ಬರಬೇಕಾಗುತ್ತಿತ್ತು, ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು. 2019ರ ಫೆಬ್ರವರಿ 12ರಂದು ಕಾರಿನಲ್ಲಿ ಆ ವಿದ್ಯಾರ್ಥಿನಿಯ ಕತ್ತಿನ ಸರವನ್ನೂ ಕಿತ್ತುಕೊಂಡಿದ್ದರು. ಅವಳ ಮನೆಯವರು ಹೆದರದೆ ನಿಂತದ್ದರಿಂದ ಫೆಬ್ರವರಿ 24ರಂದು ಪೊಳ್ಳಾಚಿ ಪೂರ್ವ ಠಾಣೆಯಲ್ಲಿ ದೂರು ದಾಖಲಾಯಿತು. ಅದಾದ ಕೆಲವೇ ದಿನಗಳಲ್ಲಿ ಅವಳ ಅಣ್ಣನ ಮೇಲೆ ಹಲ್ಲೆಯೂ ನಡೆಯಿತು.

ಮಾನ ಹೋಗುತ್ತದೆ ಎಂಬ ಭಯವೇ ಆ ಗುಂಪಿನ ಆಯುಧ. ಕಾರು, ಮೊಬೈಲು ಎಲ್ಲವೂ ಆಮೇಲಿನ ಮಾತು. ಈ ಭಯವನ್ನು ಅವರು ಹುಟ್ಟಿಸಲಿಲ್ಲ, ಮನೆಮನೆಗಳಲ್ಲಿ ಸಿದ್ಧವಾಗಿದ್ದುದನ್ನು ಬಳಸಿಕೊಂಡರು. ನಾಲ್ಕು ಜನ ಏನಂದಾರು, ನಾಳೆ ಮದುವೆ ಆಗಬೇಕಾದ ಹುಡುಗಿ, ಸುಮ್ಮನೆ ಊರ ಬಾಯಿಗೆ ಯಾಕೆ ಬೀಳಬೇಕು ಎಂದು ಬುದ್ಧಿ ಹೇಳುವ ಹಿರಿಯರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಹಾಗಿದ್ದೂ ಆ ಬುದ್ಧಿಮಾತು ಕೊನೆಗೆ ಕಾಪಾಡುವುದು ದೌರ್ಜನ್ಯ ಎಸಗಿದವನನ್ನೇ. 2016ರಿಂದ ಸುಮಾರು ಮೂರು ವರ್ಷ ಈ ಗುಂಪು ಸಿಕ್ಕಿಬೀಳದೆ ನಡೆದದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮಾನದ ಭಯ ಆಯುಧವಾಗಬಲ್ಲದು ಎಂಬುದು ಬ್ರಿಟಿಷರ ಕಾಲದ ದಂಡ ಸಂಹಿತೆಗೂ ಗೊತ್ತಿತ್ತು. 1860ರ ಆ ಕಾಯ್ದೆಯಲ್ಲಿ ‘ಹಾನಿ’ ಎಂದರೆ ದೇಹ, ಮನಸ್ಸು, ಆಸ್ತಿಗೆ ಆಗುವ ಹಾನಿಯ ಜತೆ ಹೆಸರಿಗೆ ಆಗುವ ಹಾನಿಯೂ ಸೇರಿತ್ತು. ಬೆದರಿಕೆಯ ಅಪರಾಧಕ್ಕೆ ಶಿಕ್ಷೆ ಹೇಳುತ್ತಿದ್ದ 506ನೇ ಕಲಂ ಇನ್ನೂ ಗಮನಾರ್ಹ. ಸಾಮಾನ್ಯ ಬೆದರಿಕೆಗೆ ಎರಡು ವರ್ಷದವರೆಗೆ ಜೈಲು. ಕೊಲ್ಲುತ್ತೇನೆ ಎಂಬ ಬೆದರಿಕೆಗೆ ಏಳು ವರ್ಷದವರೆಗೆ. ಹೆಣ್ಣೊಬ್ಬಳ ಶೀಲದ ಮೇಲೆ ಆರೋಪ ಹೊರಿಸುತ್ತೇನೆ ಎಂಬ ಬೆದರಿಕೆಗೂ ಅದೇ ಏಳು ವರ್ಷ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದನ್ನು 351ನೇ ಕಲಮಿನಲ್ಲಿ ಹಾಗೆಯೇ ಉಳಿಸಿಕೊಂಡಿದೆ. ಹೆಣ್ಣಿನ ಹೆಸರು ಕೆಡಿಸುವ ಬೆದರಿಕೆ ಪ್ರಾಣ ಬೆದರಿಕೆಗೆ ಸಮ ಎಂಬ ಲೆಕ್ಕದಲ್ಲಿ ಶೀಲದ ಬಗ್ಗೆ ಆ ಕಾಲಕ್ಕಿದ್ದ ನಂಬಿಕೆಯೂ ಬೆರೆತಿದೆ, ನಿಜ. ಆದರೆ ಪೊಳ್ಳಾಚಿಯಂಥ ಪ್ರಕರಣದಲ್ಲಿ ಈ ಕಲಂ ಹೇಳುವುದು ನಡೆದದ್ದನ್ನೇ. ಹಾಗೆ ಬೆದರಿಸಿದವರ ಕೈಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರಿಗೆ ಅದು ಬರೀ ಮಾತಿನ ಬೆದರಿಕೆಯಾಗಿರಲಿಲ್ಲ.

ಇದೇ ನೆಲದಲ್ಲಿ ಕೆಟ್ಟ ಹೆಸರನ್ನು ಸರಿಯಾದ ಜಾಗದಲ್ಲಿ ಇಟ್ಟ ಒಂದು ಹಳೆಯ ಕಥೆ ಇದೆ. ಪೊಳ್ಳಾಚಿಯ ನೈಋತ್ಯಕ್ಕೆ ಆನೈಮಲೈ ಎಂಬ ಊರು, ಅಲ್ಲಿ ಮಾಸಾಣಿ ಅಮ್ಮನ್ ದೇಗುಲ. ನಿಂತ ದೇವಿಯಲ್ಲ, ಕೂತ ದೇವಿಯಲ್ಲ, ಅಂಗಾತ ಮಲಗಿರುವ ಉದ್ದನೆಯ ದೇವಿ. ಕಳವಿಗೆ ಒಳಗಾದವರು, ಮೋಸ ಹೋದವರು, ಅನ್ಯಾಯಕ್ಕೆ ಒಳಗಾಗಿ ಎಲ್ಲೂ ನ್ಯಾಯ ಸಿಗದವರು ಅಲ್ಲಿಗೆ ಬರುತ್ತಾರೆ. ಒಣಮೆಣಸಿನಕಾಯಿಯನ್ನು ಅಲ್ಲಿಯ ಒರಳುಕಲ್ಲಿನಲ್ಲಿ ಅರೆಯುತ್ತಾರೆ. ಘಾಟಿಗೆ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಕೈ ಉರಿಯುತ್ತಿದ್ದಂತೆಯೇ ಆ ಕೆಂಪು ಮುದ್ದೆಯನ್ನು ತೆಗೆದು ‘ನೀತಿ ಕಲ್ಲು’ ಎಂದು ಕರೆಯುವ ಕಲ್ಲಿಗೆ ಬಳಿಯುತ್ತಾರೆ. ಅನ್ಯಾಯ ಮಾಡಿದವನಿಗೆ ಉರಿ ಹತ್ತಲಿ ಎಂಬುದು ಬೇಡಿಕೆ. ಅರೆಯುವವರಲ್ಲಿ ಹೆಂಗಸರೇ ಹೆಚ್ಚು.

ಮಾಸಾಣಿ ಯಾರು ಎಂದು ಕೇಳಿದರೆ ಸ್ಥಳೀಯರು ಹೇಳುವುದು ಒಬ್ಬ ಹುಡುಗಿಯ ಕಥೆ. ಅರಸನ ತೋಟದ ಮಾವಿನ ಮರದಿಂದ ಹೊಳೆಗೆ ಬಿದ್ದು ತೇಲಿಬಂದ ಕಾಯನ್ನು ಅವಳು ತಿಂದಳು, ಅಷ್ಟಕ್ಕೇ ಅರಸ ಅವಳನ್ನು ಕೊಲ್ಲಿಸಿದ. ಈ ಕಥೆಯ ಬೇರು ಬಹಳ ಆಳದ್ದು. ಸಂಘ ಕಾಲದ ಕವಿ ಪರಣರ್ ಕುರುಂತೊಗೈ ಸಂಕಲನದ 292ನೇ ಪದ್ಯದಲ್ಲಿ ಇದನ್ನು ತಂದಿದ್ದಾನೆ. ಅರಸನ ಹೆಸರು ನನ್ನನ್. ಹುಡುಗಿಯ ಪರವಾಗಿ 81 ಆನೆಗಳನ್ನೂ ಅವಳ ತೂಕದ ಚಿನ್ನದ ಬೊಂಬೆಯನ್ನೂ ಕೊಡಲು ಮುಂದಾದರೂ ಅವನು ಒಪ್ಪಲಿಲ್ಲ. ಪದ್ಯದ ಸಂದರ್ಭ ಬೇರೆಯದೇ: ಪ್ರೇಮಿಯನ್ನು ಕಾಣಲು ಬಿಡದೆ ಕಾವಲು ಕಾಯುವ ತಾಯಿಯ ಮೇಲೆ ಸಿಟ್ಟಾದ ಗೆಳತಿಯ ಮಾತು ಅದು. ಹೆಣ್ಣನ್ನು ಕೊಂದ ನನ್ನನ್ ಹೋದ ನರಕಕ್ಕೇ ಆ ತಾಯಿಯೂ ಹೋಗಲಿ ಎಂದು ಗೆಳತಿ ಶಪಿಸುತ್ತಾಳೆ. ಅಂದರೆ ಅಷ್ಟು ಹೊತ್ತಿಗೆ ನನ್ನನ್‌ನ ಹೆಸರು ಶಾಪ ಹಾಕುವಾಗ ಬಾಯಿಗೆ ಬರುವ ಹೆಸರಾಗಿತ್ತು.

ಪುರನಾನೂರು ಸಂಕಲನದ 151ನೇ ಪದ್ಯದಲ್ಲಿ ಇದರ ಮುಂದುವರಿಕೆ ಸಿಗುತ್ತದೆ. ಕವಿ ಪೆರುಂತಲೈ ಚಾತ್ತನಾರ್ ಇಬ್ಬರು ನಾಯಕರನ್ನು ಒಟ್ಟಿಗೆ ಕಾಣುತ್ತಾನೆ. ಒಬ್ಬನನ್ನು ಅಪ್ಪಿಕೊಳ್ಳುತ್ತಾನೆ, ಇನ್ನೊಬ್ಬ ಇಳವಿಚ್ಚಿಕ್ಕೋನನ್ನು ಅಪ್ಪಿಕೊಳ್ಳುವುದಿಲ್ಲ. ಯಾಕೆಂದರೆ ಅವನು ನನ್ನನ್‌ನ ಕುಲದವನು, ಹಾಡುಗರಿಗೆ ಬಾಗಿಲು ಮುಚ್ಚಿದ ಮನೆತನದವನು. ಸಂಘ ಸಾಹಿತ್ಯದಲ್ಲಿ ನನ್ನನ್ ಎಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು. ಒಬ್ಬನ ಹೆಸರು ಏಳಿಲ್‌ಮಲೆಯ ಜತೆ, ಅಂದರೆ ಕಾಸರಗೋಡಿನಿಂದ ದಕ್ಷಿಣಕ್ಕೆ ಕಣ್ಣೂರು ಜಿಲ್ಲೆಯಲ್ಲಿರುವ ಇಂದಿನ ಏಳಿಮಲೆಯ ಜತೆ ಬರುತ್ತದೆ. ಮಾವಿನಕಾಯಿಯ ಅರಸ ಯಾವ ಬೆಟ್ಟದವನು ಎಂಬ ಚರ್ಚೆ ವಿದ್ವಾಂಸರಿಗಿರಲಿ. ಆನೈಮಲೈನ ಜನ ಅವನನ್ನು ತಮ್ಮ ಹೊಳೆಯ ದಡಕ್ಕೇ ತಂದು ನಿಲ್ಲಿಸಿದ್ದಾರೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಪರಣರ್ ಆ ಹುಡುಗಿಯ ಹೆಸರು ಹೇಳುವುದಿಲ್ಲ. ಅವಳು ಹೊಳೆಗೆ ಯಾಕೆ ಹೋದಳು, ಕಾಯಿ ಯಾಕೆ ತಿಂದಳು ಎಂದು ಕೇಳುವುದೂ ಇಲ್ಲ. ಹೆಸರು ಹೇಳುವುದು ಕೊಂದವನದು. ಆ ಕೆಟ್ಟ ಹೆಸರು ಅವನ ತಲೆಮಾರುಗಳಿಗೂ ಅಂಟಿತು. ಕೊಲೆಯಾದ ಹುಡುಗಿ ಜನರ ನೆನಪಿನಲ್ಲಿ ದೇವಿಯಾದಳು. ಹತ್ತಿರ ಹತ್ತಿರ ಎರಡು ಸಾವಿರ ವರ್ಷದ ಹಿಂದಿನ ಕವಿಗೆ ತಿಳಿದಿದ್ದ ಈ ವಿವೇಕ 2019ರ ಗೃಹ ಇಲಾಖೆಗೆ ಇರಲಿಲ್ಲ.

ಆ ವರ್ಷ ಕಳಂಕ ಹೊತ್ತದ್ದು ಊರು ಕೂಡ. ಅದುವರೆಗೆ ಪೊಳ್ಳಾಚಿ ಎಂದರೆ ತೆಂಗು, ಎಳನೀರು, ಬೆಲ್ಲದ ಮಂಡಿ, ದನದ ಸಂತೆ, ಸಿನಿಮಾದವರು ಹಾಡಿನ ಚಿತ್ರೀಕರಣಕ್ಕೆ ಹುಡುಕಿಕೊಂಡು ಬರುವ ಹಸಿರು. ಆನೈಮಲೈ ಹುಲಿ ಸಂರಕ್ಷಿತ ಪ್ರದೇಶಕ್ಕೂ ಟಾಪ್‌ಸ್ಲಿಪ್‌ಗೂ ಹೋಗುವ ದಾರಿ ಅದು. ಹಸಿರು ಕ್ರಾಂತಿಯ ಕಾಲದಲ್ಲಿ ಕೇಂದ್ರದ ಕೃಷಿ ಸಚಿವರಾಗಿದ್ದ, 1998ರಲ್ಲಿ ಭಾರತರತ್ನ ಪಡೆದ ಸಿ. ಸುಬ್ರಮಣ್ಯಂ ಹುಟ್ಟಿದ್ದು ಇಲ್ಲೇ ಹತ್ತಿರದ ಸೆಂಗುಟ್ಟೈಪಾಳಯಂನಲ್ಲಿ. ಕೊಯಮತ್ತೂರು, ತಿರುಪ್ಪೂರು ಕಡೆಯ ಹಳ್ಳಿಗಳಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ, ಒಕ್ಕಲಿಗರಿದ್ದಾರೆ. ಕನ್ನಡ ಓದುಗರಿಗೆ ಇದು ಪರದೇಶವೇನಲ್ಲ. ಆದರೆ ಈಗ ‘ಪೊಳ್ಳಾಚಿ’ ಎಂದೊಡನೆ ಬರುವ ಮುಂದಿನ ಮಾತು ‘ಪ್ರಕರಣ’. ಹಾಥರಸ್, ಉನ್ನಾವ್, ಕಠುವಾ ಎಂಬ ಊರುಗಳಿಗೆ ಆದದ್ದೇ ಇದಕ್ಕೂ ಆಯಿತು. ಆ ಊರಿನ ಹುಡುಗಿ ಬೇರೆ ಊರಿನ ಕಾಲೇಜಿಗೆ ಸೇರಿ ಯಾವ ಊರು ಎಂಬ ಪ್ರಶ್ನೆಗೆ ಉತ್ತರಿಸಿದಾಗ ಎದುರಿನವರ ಮುಖದಲ್ಲಿ ಆಗುವ ಬದಲಾವಣೆಯನ್ನು ಅವಳು ಸಹಿಸಬೇಕು. ತಪ್ಪು ಮಾಡಿದವರ ಪಾಲಿನ ಅಪಖ್ಯಾತಿಯಲ್ಲಿ ಒಂದು ಭಾಗ ಹೀಗೆ ಏನೂ ಮಾಡದವರಿಗೆ ಹಂಚಿಹೋಗುತ್ತದೆ.

ಕರ್ನಾಟಕ ಇದನ್ನು ಹತ್ತಿರದಿಂದ ಕಂಡಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನ ಹತ್ತಿರ ಬಂದಾಗ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅಂದಿನ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧದ ಆರೋಪಗಳು ಹೊರಬಂದದ್ದು ಹಾಗೆ. ಆದರೆ ಅದರಲ್ಲಿದ್ದ ಹೆಂಗಸರ ಮುಖ ಮರೆಮಾಡುವ ಕನಿಷ್ಠ ಕಾಳಜಿಯನ್ನೂ ಹಂಚಿದವರು ತೋರಲಿಲ್ಲ. ಪೊಳ್ಳಾಚಿಯ ದುಷ್ಕರ್ಮಿಗಳು ಯಾವುದನ್ನು ಬೆದರಿಕೆಯಾಗಿ ಇಟ್ಟುಕೊಂಡಿದ್ದರೋ, ಹಾಸನದಲ್ಲಿ ಅದನ್ನು ರಾಜಕೀಯದ ಹೆಸರಿನಲ್ಲಿ ಮಾಡಿಯೇಬಿಟ್ಟರು. ಒಬ್ಬನ ಬಣ್ಣ ಬಯಲು ಮಾಡುವ ನೆಪದಲ್ಲಿ ಎಷ್ಟೋ ಹೆಂಗಸರ ಬದುಕನ್ನು ಬೀದಿಗೆ ತಂದರು. ಕಂಡ ಕಂಡ ಮೊಬೈಲಿನಲ್ಲಿ ಅವು ತೆರೆದುಕೊಂಡವು. ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಇವತ್ತಿಗೂ ಅದಕ್ಕೆ ಜನ ಕೊಟ್ಟಿರುವ ಹೆಸರು ‘ಹಾಸನದ ಪೆನ್‌ಡ್ರೈವ್’. ಊರಿನ ಹೆಸರೂ ವಸ್ತುವಿನ ಹೆಸರೂ ಉಳಿದವು.

ಹಾಗಿದ್ದೂ ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ಮಹಿಳೆ ಹಿಂದೆ ಸರಿಯಲಿಲ್ಲ. ಅವರ ಸೀರೆ ನ್ಯಾಯಾಲಯದಲ್ಲಿ ಮುಖ್ಯ ಸಾಕ್ಷ್ಯವಾಯಿತು. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಪ್ರಜ್ವಲ್ ತಪ್ಪಿತಸ್ಥ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮಾಜಿ ಪ್ರಧಾನಿಯ ಮೊಮ್ಮಗನ ಎದುರು ಮನೆಗೆಲಸದ ಹೆಣ್ಣುಮಗಳೊಬ್ಬರು ನಿಂತು ಗೆದ್ದದ್ದು ಈ ರಾಜ್ಯದ ನ್ಯಾಯದ ಚರಿತ್ರೆಯಲ್ಲಿ ದೊಡ್ಡ ಮಾತು.

ಮಾನದ ಹೆಸರಿನಲ್ಲಿ ಹೆಣ್ಣನ್ನು ತೂಗುವ ಅಭ್ಯಾಸ ನ್ಯಾಯಾಲಯಗಳಿಗೂ ಇತ್ತು. ಅತ್ಯಾಚಾರದ ದೂರು ಕೊಟ್ಟವಳ ನಡತೆ ಸರಿಯಿಲ್ಲ ಎಂದು ಸಾಬೀತು ಮಾಡಿ ಅವಳ ಸಾಕ್ಷ್ಯವನ್ನು ಅಲುಗಾಡಿಸಲು ಆರೋಪಿಗೆ ಅವಕಾಶ ಕೊಡುತ್ತಿದ್ದ ಕಲಂ ಸಾಕ್ಷ್ಯ ಅಧಿನಿಯಮದಲ್ಲಿ 1872ರಿಂದ ಇತ್ತು, ಅದನ್ನು ಕಿತ್ತುಹಾಕಿದ್ದು 2002ರ ತಿದ್ದುಪಡಿ. ಆಮೇಲೂ ಹಳೆಯ ಜಾಡು ಅಳಿಯಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರಳ ಹೇಳಿಕೆ ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಅರ್ಥದ ಮಾತು ಬಂದಿತ್ತು. ತೀವ್ರ ವಿರೋಧ ಬಂದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು. ಎರಡು ಬೆರಳಿನ ಪರೀಕ್ಷೆ ನಡೆಸುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ ಕಟುವಾಗಿ ಹೇಳಬೇಕಾಗಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಇವೆಲ್ಲ ತೀರಾ ಇತ್ತೀಚಿನ ವರ್ಷಗಳು.

ಇನ್ನೊಂದು ಕಡೆ, ತನ್ನ ಹೆಸರು ಕೆಟ್ಟಿತು ಎಂದು ನ್ಯಾಯಾಲಯಕ್ಕೆ ಹೋಗುವ ಬಲ ಸಾಮಾನ್ಯವಾಗಿ ಇರುವುದು ಹಣ, ಅಧಿಕಾರ ಇರುವವರಿಗೆ. ಕ್ರಿಮಿನಲ್ ಮಾನನಷ್ಟ ಕಾನೂನನ್ನು ಸುಪ್ರೀಂ ಕೋರ್ಟ್ 2016ರ ಮೇ 13ರಂದು ಎತ್ತಿಹಿಡಿಯಿತು, ವ್ಯಕ್ತಿಯ ಒಳ್ಳೆಯ ಹೆಸರು ಬದುಕುವ ಹಕ್ಕಿನ ಭಾಗ ಎಂದಿತು. ಎರಡೂವರೆ ವರ್ಷಕ್ಕೆ ಅದೇ ಕಾನೂನನ್ನು ಹಿಡಿದು ಕೇಂದ್ರದ ಸಚಿವರಾಗಿದ್ದ ಎಂ.ಜೆ. ಅಕ್ಬರ್, ತಮ್ಮ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಣಿ ವಿರುದ್ಧ ಮೊಕದ್ದಮೆ ಹೂಡಿದರು. ದೆಹಲಿಯ ನ್ಯಾಯಾಲಯ 2021ರ ಫೆಬ್ರವರಿ 17ರಂದು ರಮಣಿಯವರನ್ನು ಖುಲಾಸೆಗೊಳಿಸಿತು. ಒಬ್ಬರ ಹೆಸರನ್ನು ಕಾಪಾಡಲು ಇನ್ನೊಬ್ಬ ಹೆಣ್ಣಿನ ಘನತೆಯನ್ನು ಬಲಿಕೊಡಲಾಗದು ಎಂಬುದು ಆ ತೀರ್ಪಿನ ತಿರುಳು. ಕಿರುಕುಳದ ವಿಷಯದಲ್ಲಿ ಬಾಯಿ ಬಿಡುವ ಹೆಣ್ಣುಮಕ್ಕಳಿಗೆ ಈ ಮಾತು ದಾರಿ ತೆರೆಯಿತು.

ಅದೇ ಮೇ 13, 2025ರಲ್ಲಿ, ಕೊಯಮತ್ತೂರಿನ ಮಹಿಳಾ ನ್ಯಾಯಾಲಯದ ನ್ಯಾಯಾಧೀಶೆ ಆರ್. ನಂದಿನಿ ದೇವಿ ಪೊಳ್ಳಾಚಿ ಪ್ರಕರಣದ ತೀರ್ಪು ಓದಿದರು. ಒಂಬತ್ತು ಮಂದಿಗೂ ಸಾಯುವವರೆಗೆ ಜೈಲು. ಅವರಲ್ಲೊಬ್ಬ ಅಪರಾಧ ನಡೆದಾಗ ಆಡಳಿತದಲ್ಲಿದ್ದ ಅಣ್ಣಾಡಿಎಂಕೆಯ ವಿದ್ಯಾರ್ಥಿ ಘಟಕದ ಪದಾಧಿಕಾರಿಯಾಗಿದ್ದವನು. ಎಂಟು ಮಹಿಳೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ. ತೀರ್ಪಿನ ಶ್ರೇಯ ತಮ್ಮದೆಂದು ಪಕ್ಷಗಳು ಅಂದೇ ಕಿತ್ತಾಡಿದವು. ಶ್ರೇಯ ಸಲ್ಲಬೇಕಾದದ್ದು ಬೇರೆಯವರಿಗೆ. 48 ಸಾಕ್ಷಿಗಳಲ್ಲಿ ಒಬ್ಬರೂ ತಿರುಗಿಬೀಳಲಿಲ್ಲ. ಆರು ವರ್ಷ ಎಳೆದ ಪ್ರಕರಣ, ಊರ ತುಂಬ ಪಿಸುಮಾತು, ಮದುವೆ, ಸಂಸಾರ ಎಲ್ಲದರ ನಡುವೆ ಆ ಹೆಣ್ಣುಮಕ್ಕಳು ಹೇಳಿದ್ದನ್ನೇ ಹೇಳಿ ನಿಂತರು. ಇಂಥ ಮೊಕದ್ದಮೆಗಳಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುವುದನ್ನು ಕಂಡವರಿಗೆ ಇದರ ತೂಕ ಗೊತ್ತು. ಮೊದಲ ಹೆಸರು ಬಯಲಾದ ಆಘಾತದ ನಂತರ ಉಳಿದವರ ಗುರುತು ಭದ್ರವಾಗಿ ಉಳಿಯಿತು, ಅದರಿಂದಲೇ ಅವರು ಬಂದು ನಿಲ್ಲಲು ಸಾಧ್ಯವಾಯಿತು ಎಂದು ನಂಬಲು ಕಾರಣವಿದೆ.

ಎಂಟು ಮಂದಿ ಬಂದರು. ಬಾರದೆ ಉಳಿದವರು ಎಷ್ಟು ಎಂದು ಲೆಕ್ಕ ಹಾಕುವುದು ಪತ್ರಿಕೆಗಳ ಕೆಲಸವಲ್ಲ, ಅವರನ್ನು ಹುಡುಕುವುದಂತೂ ಅಲ್ಲವೇ ಅಲ್ಲ. ಮುಂದಿನ ಊರಿನಲ್ಲಿ ಮುಂದಿನ ಹುಡುಗಿ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಹಿಂದಿನವಳಿಗೆ ಏನಾಯಿತು ಎಂದು ನೋಡಿಯೇ ನೋಡುತ್ತಾಳೆ. ಅವಳು ನೋಡುವ ಜಾಗಗಳಲ್ಲಿ ಪತ್ರಿಕೆಯೂ ಒಂದು. ಕನ್ನಡದ ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿ ಬರುವ ಬಗೆಯನ್ನು ಒಮ್ಮೆ ನೋಡಿ. ಹೆಸರು ಬಿಟ್ಟಿರುತ್ತಾರೆ. ಆದರೆ ಗ್ರಾಮದ ಹೆಸರು ಇರುತ್ತದೆ, ಯಾವ ಕಾಲೇಜು, ಎಷ್ಟನೇ ವರ್ಷ, ತಂದೆಗೆ ಏನು ಕೆಲಸ, ಆರೋಪಿ ಅವಳಿಗೆ ಏನು ಸಂಬಂಧ ಎಂಬುದೆಲ್ಲ ಇರುತ್ತದೆ. ಇನ್ನೂರು ಮನೆಯ ಹಳ್ಳಿಯಲ್ಲಿ ಇಷ್ಟು ಗೊತ್ತಾದ ಮೇಲೆ ಹೆಸರು ಬಿಟ್ಟು ಫಲವೇನು? 2018ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಇದನ್ನೇ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಇವತ್ತು ಶಿಕ್ಷೆ ಹೇಳುವುದೂ ಇದಕ್ಕೇ.

ಪೊಲೀಸರಿಂದ ಬರುವ ಟಿಪ್ಪಣಿಯಲ್ಲೇ ಈ ವಿವರಗಳು ಇರುತ್ತವೆ ಎಂಬ ಸಮಜಾಯಿಷಿ ಸಾಲದು. ಠಾಣೆಯಿಂದ ಹೊರಡುವ ಪ್ರತಿ ಟಿಪ್ಪಣಿಯನ್ನು ಕಳಿಸುವ ಮುಂಚೆ ಒಬ್ಬ ಅಧಿಕಾರಿ ಓದಿ ಸಹಿ ಹಾಕಬೇಕು, ಗುರುತು ಸೋರಿದರೆ ಆ ಸಹಿಯೇ ಹೊಣೆಯಾಗಬೇಕು. ಪತ್ರಿಕಾಲಯದಲ್ಲೂ ಹಾಗೆಯೇ. ಊರು, ಕಾಲೇಜು, ಮನೆಯವರ ಕೆಲಸ ಎಂಬ ಮೂರು ವಿವರಗಳನ್ನು ಹೊಡೆದುಹಾಕಲು ಮೇಜಿನ ಮುಂದೆ ಕೂತ ಉಪಸಂಪಾದಕರಿಗೆ ಅರ್ಧ ನಿಮಿಷ ಸಾಕು. ಆರೋಪಪಟ್ಟಿ ಸಲ್ಲಿಕೆಯಾದ ದಿನ, ಶಿಕ್ಷೆಯಾದ ದಿನ, ಮೇಲ್ಮನವಿ ಬಿದ್ದುಹೋದ ದಿನ ಮೊದಲ ಪುಟದಲ್ಲಿ ಬರಬೇಕಾದದ್ದು ತಪ್ಪಿತಸ್ಥರ ಸುದ್ದಿ, ಅವರ ಅಪರಾಧದ ಪೂರ್ತಿ ವಿವರ, ಅವರಿಗೆ ಬೆನ್ನೆಲುಬಾಗಿ ನಿಂತವರ ವಿವರ.